ಉಸಿರು ಬಿಗಿಹಿಡಿದಾಗ ಚಡಪಡಿಸುವುದು ಆಕ್ಸಿಜನ್ ಮುಗಿದಿದ್ದಕ್ಕಾ?

ಉಸಿರು ಹಿಡಿದ ಸ್ವಲ್ಪ ಹೊತ್ತಿಗೇ ತಡೆಯೋಕೆ ಆಗಲ್ಲ, ಒಳಗಿನ ಆಕ್ಸಿಜನ್ ಅಷ್ಟು ಬೇಗ ಮುಗಿಯುತ್ತಾ, ಜಾಸ್ತಿ ಹೊತ್ತು ಹಿಡಿಯೋದು ಹೇಗೆ ಅಂತ ಕೇಳಿದ್ದೀರಿ.

ಮುಗಿಯುವುದಿಲ್ಲ. ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಆಕ್ಸಿಜನ್ ಸುಮಾರು ಶೇ. 21 ಇರುತ್ತದೆ. ಹೊರಗೆ ಬಿಡುವ ಗಾಳಿಯಲ್ಲೂ ಶೇ. 16ರಷ್ಟು ಉಳಿದಿರುತ್ತದೆ. ಬಾಯಿಗೆ ಬಾಯಿಟ್ಟು ಊದಿ ಜೀವ ಉಳಿಸಲು ಆಗುವುದೂ ಅದಕ್ಕೇ. ಕೋವಿಡ್ ಕಾಲದಲ್ಲಿ ತಂದ ಆಕ್ಸಿಮೀಟರ್ ಮನೆಯಲ್ಲಿದ್ದರೆ ಬೆರಳಿಗೆ ಸಿಕ್ಕಿಸಿಕೊಂಡು, ಕೂತಲ್ಲೇ ಉಸಿರು ಹಿಡಿದು ನೋಡಿ. ಆರೋಗ್ಯವಾಗಿದ್ದರೆ, ಇನ್ನು ಆಗಲ್ಲಪ್ಪಾ ಅನ್ನಿಸುವ ಹೊತ್ತಿಗೂ ಅಂಕಿ ಹೆಚ್ಚೇನೂ ಇಳಿದಿರುವುದಿಲ್ಲ.

ಚಡಪಡಿಸುವಂತೆ ಮಾಡುವುದು ಕಾರ್ಬನ್ ಡೈಆಕ್ಸೈಡ್. ಮೈಯಲ್ಲಿ ಅದು ಹುಟ್ಟುತ್ತಲೇ ಇರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ರಕ್ತದಲ್ಲಿ ಅದು ಏರಿದ್ದು ಮೆದುಳಿನ ಬುಡಕ್ಕೆ ತಕ್ಷಣ ಗೊತ್ತಾಗುತ್ತದೆ. ಅಲ್ಲಿಂದ ವಪೆಗೆ ಅಪ್ಪಣೆ ಹೋಗುತ್ತದೆ. ವಪೆ ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯು. ಶ್ವಾಸಕೋಶ ತಾನಾಗಿ ಹಿಗ್ಗುವುದಿಲ್ಲ. ವಪೆ ಕೆಳಗಿಳಿದು ಪಕ್ಕೆಲುಬು ಮೇಲೆದ್ದಾಗ ಎದೆಯೊಳಗೆ ಜಾಗ ಹೆಚ್ಚಿ ಒತ್ತಡ ತಗ್ಗುತ್ತದೆ, ಆಗ ಗಾಳಿ ಒಳಗೆ ನುಗ್ಗುತ್ತದೆ. ಸುಮ್ನೆ ಕೂತಾಗ ಒಂದು ಸಲಕ್ಕೆ ಸುಮಾರು ಅರ್ಧ ಲೀಟರ್. ಉಸಿರು ಹಿಡಿದು ಪಕ್ಕೆಲುಬಿನ ಕೆಳಗೆ ಕೈ ಇಟ್ಟುಕೊಳ್ಳಿ. ಕೊನೆಕೊನೆಗೆ ಒಳಗಿಂದ ಯಾರೋ ಜಗ್ಗಿದ ಹಾಗೆ ಆಗುತ್ತದೆ. ಬೇಡ ಅಂದರೂ ವಪೆ ಕೆಲಸಕ್ಕೆ ಇಳಿದಿದೆ.

ನಿಮ್ಮ ಎರಡನೇ ಪ್ರಶ್ನೆಯೇ ನನಗೆ ಚಿಂತೆ ಹುಟ್ಟಿಸಿದ್ದು. ನಾನು ಗಂಗಾವತಿ ಕಡೆಯವನು. ಇಲ್ಲಿ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಸಾಕು, ಹುಡುಗರು ಯಾರು ಜಾಸ್ತಿ ಹೊತ್ತು ಮುಳುಗಿರ್ತಾರೆ ಅಂತ ಪಂದ್ಯ ಕಟ್ಟುತ್ತಾರೆ. ಮುಳುಗುವ ಮೊದಲು ಬುಸುಬುಸು ಉಸಿರಾಡುತ್ತಾರೆ, ಆಕ್ಸಿಜನ್ ತುಂಬಿಕೊಳ್ಳೋಣ ಅಂತ. ರಕ್ತದಲ್ಲಿ ಅದು ಮೊದಲೇ ತುಂಬಿರುತ್ತದೆ, ಹೊಸದಾಗಿ ಸೇರುವುದು ಬಹಳ ಕಡಿಮೆ. ಖಾಲಿಯಾಗುವುದು ಕಾರ್ಬನ್ ಡೈಆಕ್ಸೈಡ್. ಹಾಗಾಗಿ ನೀರೊಳಗೆ ಚಡಪಡಿಕೆ ಬೇಗ ಬರುವುದಿಲ್ಲ. ಅದು ಬರುವ ಮೊದಲೇ ಆಕ್ಸಿಜನ್ ಇಳಿದು ಪ್ರಜ್ಞೆ ತಪ್ಪಬಹುದು. ಒದ್ದಾಟ ಇಲ್ಲ, ಕೂಗಾಟ ಇಲ್ಲ. ದಂಡೆ ಮೇಲಿದ್ದವರು ಇನ್ನೂ ಎಣಿಸುತ್ತಲೇ ಇರುತ್ತಾರೆ. ಈಜು ಚೆನ್ನಾಗಿ ಬರುವವರಿಗೂ ಹೀಗಾಗುತ್ತದೆ.

ದಯವಿಟ್ಟು ನೀರಲ್ಲಿ ಈ ಪ್ರಯೋಗ ಬೇಡ. ನಿಮ್ಮ ಕಡೆ ಹುಡುಗರು ಹಾಗೆ ಮಾಡುತ್ತಿದ್ದರೆ ಅಲ್ಲೇ ತಡೆಯಿರಿ. ಮುಳುಗಿದವನು ಅಲುಗಾಡುತ್ತಿಲ್ಲ ಅಂದರೆ ಕಾಯಬೇಡಿ, ಮೇಲೆತ್ತಿ. ಉಸಿರು ಇಲ್ಲದಿದ್ದರೆ ಹೊಟ್ಟೆ ಒತ್ತಿ ನೀರು ತೆಗೆಯುತ್ತಾ ಕೂರಬೇಡಿ. ಮೂಗು ಮುಚ್ಚಿ ಬಾಯಿಗೆ ಊದಿ, ಎದೆ ಒತ್ತಿ, ಪಕ್ಕದಲ್ಲಿದ್ದವರಿಂದ 108ಕ್ಕೆ ಫೋನ್ ಮಾಡಿಸಿ.