ಮಿನಿಮಮ್ ಡ್ಯೂ ಕಂತಲ್ಲ, ಕಂತಿನ ಹಾಗೆ ತೋರಿಸಬೇಡಿ

ಕಾರ್ಡ್ ಆ್ಯಪ್‌ಗಳ ಪರದೆ ವಿನ್ಯಾಸ ಮಾಡುವುದು ನನ್ನ ಕೆಲಸ. ಈ ಅಂಕಣದಲ್ಲಿ ಕೆಳಗಿನ ಮೊದಲ ಪ್ರಶ್ನೆಗೆ ಹಿಂದೆ ಎರಡು ಸಲ ಚುಟುಕಾಗಿ ಉತ್ತರಿಸಿದ್ದೆ. ಆದರೂ ಬರುತ್ತಲೇ ಇದೆ. ಹಾಗಾಗಿ ಈ ಸಲ ಅದಕ್ಕೇ ಜಾಸ್ತಿ ಜಾಗ.

ಪ್ರಶ್ನೆ: ಮೇಡಂ, ಕ್ರೆಡಿಟ್ ಕಾರ್ಡ್ ಬಿಲ್ ಕಟ್ಟುವ ಪರದೆ ಡಿಸೈನ್ ಮಾಡ್ತಿದ್ದೇನೆ. ‘ಮಿನಿಮಮ್ ಡ್ಯೂ’ (ಬಿಲ್‌ನಲ್ಲಿ ಕಟ್ಟಲೇಬೇಕಾದ ಕನಿಷ್ಠ ಮೊತ್ತ) ಮೊದಲೇ ಟಿಕ್ ಆಗಿದ್ದರೆ ಜನರಿಗೆ ಹೊರೆ ಕಡಿಮೆ ಅನಿಸುತ್ತೆ ಅಂತಾರೆ ನಮ್ಮ ಮ್ಯಾನೇಜರ್. ಇದು ಗ್ರಾಹಕರಿಗೆ ಅನುಕೂಲವೇ ಅಲ್ವಾ?

ಅಲ್ಲ. ಲೆಕ್ಕ ಹಾಕಿ ನೋಡಿ. ಬಿಲ್ 40,000 ರೂಪಾಯಿ ಅಂತಿಟ್ಟುಕೊಳ್ಳಿ. ಮಿನಿಮಮ್ ಡ್ಯೂ ಶೇ 5, ಅಂದರೆ 2,000. ಬಡ್ಡಿ ತಿಂಗಳಿಗೆ ಶೇ 3.5 ಆದರೆ 1,400 ರೂಪಾಯಿ. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 252 ರೂಪಾಯಿ. ಎರಡೂ ಸೇರಿ 1,652. ಕಟ್ಟಿದ 2,000ದಲ್ಲಿ ಅಸಲಿಗೆ ಹೋಗಿದ್ದು ಬರೀ 348 ರೂಪಾಯಿ! ಸಾಲದ್ದಕ್ಕೆ, ಬಾಕಿ ಉಳಿಸಿಕೊಂಡವರಿಗೆ ಬಡ್ಡಿಯಿಲ್ಲದ ದಿನಗಳ ಸೌಲಭ್ಯವೂ ಹೋಗುತ್ತದೆ. ಮಾರನೇ ದಿನ ತಂದ ತರಕಾರಿಗೂ ಅವತ್ತಿನಿಂದಲೇ ಬಡ್ಡಿ.

ದಾವಣಗೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡ ಒಬ್ಬ ಹೆಣ್ಣುಮಗಳ ಪಕ್ಕ ಕೂತು ಇಂಥದ್ದೇ ಪರದೆಯನ್ನು ಪರೀಕ್ಷೆ ಮಾಡಿದ್ದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಕನಿಷ್ಠ ಬಾಕಿ ಮೊತ್ತ’. ಕೆಳಗೆ ತೆಳು ಬೂದು ಅಕ್ಷರದಲ್ಲಿ ‘ಒಟ್ಟು ಬಾಕಿ’. ಅವರ ಹೆಬ್ಬೆರಳು ಸ್ವಲ್ಪ ಹೊತ್ತು ಗಾಜಿನ ಮೇಲೆಯೇ ತೂಗಾಡಿತು. ಆಮೇಲೆ ಮೇಲಿನದನ್ನು ಒತ್ತಿದರು. ಯಾಕೆ ಅಂತ ಕೇಳಿದೆ. “ಈ ತಿಂಗಳ ಕಂತು ಇದೇ ಅಲ್ವೇನ್ರೀ? ಸಂಘದ ಸಾಲದ್ದೂ ಹಿಂಗೇ ಬರ್ತದೆ” ಎಂದರು.

ಸಂಘದ ಸಾಲದ ಕಂತನ್ನು ತಪ್ಪದೆ ಕಟ್ಟಿದರೆ ಇಂತಿಷ್ಟು ತಿಂಗಳಿಗೆ ಸಾಲ ತೀರುತ್ತದೆ. ಆ ನಂಬಿಕೆಯಲ್ಲೇ ಅವರು ಈ ಗುಂಡಿಯನ್ನೂ ಒತ್ತಿದ್ದರು. ತಪ್ಪು ಆ ಪರದೆ ಮಾಡಿದ ನಮ್ಮದು. ಅವತ್ತಿನಿಂದ ನಾನು ‘ಕನಿಷ್ಠ ಬಾಕಿ ಮೊತ್ತ’ ಅಂತ ಬರೆಯುವುದನ್ನೇ ಬಿಟ್ಟೆ. ‘ಕಡೇ ಪಕ್ಷ ಇಷ್ಟಾದರೂ ಕಟ್ಟಿ, ಉಳಿದದ್ದಕ್ಕೆ ಬಡ್ಡಿ ಬೀಳುತ್ತದೆ’ ಅಂತ ಬರೆಯುತ್ತೇನೆ. ಉದ್ದವಾಯಿತು ಅಂತ ಪ್ರತಿ ಸಲವೂ ಜಗಳ ಆಗುತ್ತದೆ. ಆಗಲಿ.

ಪೂರ್ತಿ ಬಾಕಿ ಮೇಲಿರಲಿ. ಹಾಗಂತ ಮಿನಿಮಮ್ ಡ್ಯೂ ಬಚ್ಚಿಡಬೇಡಿ. ಕೈಯಲ್ಲಿ ಕಾಸಿಲ್ಲದ ತಿಂಗಳು ಲೇಟ್ ಫೀ ತಪ್ಪಿಸುವುದು, ಸಿಬಿಲ್ ಸ್ಕೋರ್ (ಸಾಲ ತೀರಿಸುವ ಶಿಸ್ತಿನ ಅಂಕ) ಕಾಪಾಡುವುದು ಅದೇ. ಆದರೆ ಅದರ ಕೆಳಗೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಆ ಗ್ರಾಹಕರದ್ದೇ ಲೆಕ್ಕ ತೋರಿಸಿ: ‘ಇದರಲ್ಲಿ ಸುಮಾರು 1,652 ಬಡ್ಡಿ ಮತ್ತು ತೆರಿಗೆಗೆ ಹೋಗುತ್ತದೆ, 39,652 ಉಳಿಯುತ್ತದೆ.’ ಎರಡರ ನಡುವೆ ‘ನನ್ನ ಕೈಲಾದಷ್ಟು’ ಅಂತ ಒಂದು ಖಾಲಿ ಪೆಟ್ಟಿಗೆ ಇಡಿ. ಮೊತ್ತ ಬದಲಾಯಿಸಿದ ಹಾಗೆ ಲೆಕ್ಕವೂ ಬದಲಾಗಲಿ. ಆ ಪೆಟ್ಟಿಗೆ ಕಣ್ಣಿಗೆ ಬೀಳದಿದ್ದರೆ 10,000 ಕಟ್ಟಬಲ್ಲವರೂ 2,000ಕ್ಕೇ ನಿಲ್ಲುತ್ತಾರೆ.

ಬರೀ ಮಿನಿಮಮ್ ಕಟ್ಟುತ್ತಾ ಹೋದರೆ ಸಾಲ ವರ್ಷಗಟ್ಟಲೆ ಎಳೆಯುತ್ತದೆ ಎಂಬ ಎಚ್ಚರಿಕೆ ಬಿಲ್‌ನಲ್ಲಿ ಇರಲೇಬೇಕು. ರಿಸರ್ವ್ ಬ್ಯಾಂಕ್ 2022ರಲ್ಲೇ ಹಾಗೆ ನಿರ್ದೇಶನ ಕೊಟ್ಟಿದೆ. ಅದನ್ನು ಪಿಡಿಎಫ್‌ನ ಕೊನೇ ಪುಟಕ್ಕೆ ತಳ್ಳಿ ಕೈತೊಳೆದುಕೊಳ್ಳಬೇಡಿ. ದುಡ್ಡು ಕಟ್ಟುವ ಗುಂಡಿಯ ಪಕ್ಕದಲ್ಲೇ ಇಡಿ.

ಎರಡು ತಿಂಗಳಲ್ಲಿ ಯುಎಕ್ಸ್ (ಬಳಸುವವರ ಅನುಕೂಲ ನೋಡಿ ಮಾಡುವ ವಿನ್ಯಾಸ) ಕಲಿಸುತ್ತೇವೆ ಅನ್ನುವ ಕೆಲವರು ‘ಸಣ್ಣ ಮೊತ್ತ ತೋರಿಸಿ, ಜನ ಒತ್ತುತ್ತಾರೆ’ ಅಂತ ಪಾಠ ಮಾಡುತ್ತಿದ್ದಾರೆ. ಅದನ್ನೇ ಕಲಿತು ಕೆಲಸ ಕೇಳಿಕೊಂಡು ಬರುವ ಹುಡುಗ ಹುಡುಗಿಯರನ್ನು ನೋಡಿದರೆ ಸಂಕಟವಾಗುತ್ತದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಡಾರ್ಕ್ ಪ್ಯಾಟರ್ನ್‌ಗಳ, ಅಂದರೆ ಗ್ರಾಹಕರನ್ನು ದಾರಿ ತಪ್ಪಿಸುವ ವಿನ್ಯಾಸದ ತಂತ್ರಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿದೆ. ಅದರಲ್ಲಿ 13 ಬಗೆ ಹೆಸರಿಸಿದ್ದಾರೆ. ಸುಳ್ಳು ಅವಸರ ಹುಟ್ಟಿಸುವುದು, ಬೇಡ ಅಂದವರಿಗೆ ನಾಚಿಕೆಯಾಗುವಂತೆ ಬರೆಯುವುದು ಎಲ್ಲ ಅಲ್ಲಿವೆ. ಅಂಥ ಕೋರ್ಸಿಗೆ ಫೀಸು ಕಟ್ಟುವ ಮೊದಲು ಈ ಮಾರ್ಗಸೂಚಿ ಓದಿ.

ಪ್ರಶ್ನೆ: ಕಾರ್ಡ್ ಕ್ಲೋಸ್ ಮಾಡುವ ಲಿಂಕ್ ಎಲ್ಲಿರಬೇಕು?

ಕಣ್ಣಿಗೆ ಕಾಣುವ ಕಡೆ. ಕೋರಿಕೆ ಬಂದ 7 ಕೆಲಸದ ದಿನಗಳಲ್ಲಿ ಮುಚ್ಚದಿದ್ದರೆ, ಬಾಕಿ ಇಲ್ಲದ ಗ್ರಾಹಕರಿಗೆ ಬ್ಯಾಂಕ್ ದಿನಕ್ಕೆ 500 ರೂಪಾಯಿ ಕೊಡಬೇಕಾಗುತ್ತದೆ.

ಪ್ರಶ್ನೆ: ಹೊಸ ಕಾರ್ಡ್ ಆನ್‌ಲೈನ್‌ನಲ್ಲಿ ನಡೀತಿಲ್ಲ. ಹಾಳಾಗಿದೆಯಾ?

ಇಲ್ಲ. 2020ರ ಅಕ್ಟೋಬರ್‌ನಿಂದ ಹೊಸ ಕಾರ್ಡ್ ದೇಶದೊಳಗಿನ ಎಟಿಎಂ ಮತ್ತು ಸ್ವೈಪ್ ಮೆಷಿನ್‌ಗೆ ಮಾತ್ರ ಚಾಲೂ ಆಗಿ ಬರುತ್ತದೆ. ಉಳಿದದ್ದನ್ನು ನೀವೇ ಆನ್ ಮಾಡಬೇಕು. ಡಿಸೈನರ್‌ಗಳೇ, ಇದೇ ಪ್ರಶ್ನೆ ಐದು ವರ್ಷದಿಂದ ಬರುತ್ತಿದೆ. ಸುಮ್ನೆ ‘ಡಿಕ್ಲೈನ್ಡ್’ ಅಂತ ತೋರಿಸಿ ಬಿಡಬೇಡಿ. ಕಾರಣ ಬರೆಯಿರಿ, ಸ್ವಿಚ್ ಎಲ್ಲಿದೆ ಅಂತ ತೋರಿಸಿ.

ಪ್ರಶ್ನೆ: ಬಸ್ಸಲ್ಲಿ ಜೇಬಿಗೆ ಮೆಷಿನ್ ತಾಗಿಸಿ ದುಡ್ಡು ಎಳೀತಾರಂತೆ. ಪರ್ಸಿಗೆ ಫಾಯಿಲ್ ಸುತ್ತಬೇಕಾ?

ಬೇಡ. ಹೆದರಿಕೆ ಇದ್ದರೆ ಆ್ಯಪ್‌ನಲ್ಲಿ ಟ್ಯಾಪ್ (ಕಾರ್ಡ್ ತಾಗಿಸಿ ದುಡ್ಡು ಕಟ್ಟುವ ಸೌಲಭ್ಯ) ಆಫ್ ಮಾಡಿ.

ಪ್ರಶ್ನೆ: ಲಿಮಿಟ್ ಜಾಸ್ತಿ ಮಾಡ್ತೀವಿ ಅಂತ ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ ಬಂದಿದೆ. ಹಾಕಿಕೊಳ್ಳಲಾ?

ಈಗಲೇ ಅಳಿಸಿ. ಎಪಿಕೆ ಅಂದರೆ ಫೋನಿಗೆ ಆ್ಯಪ್ ತುಂಬುವ ಫೈಲ್. ಆಗಲೇ ಹಾಕಿಕೊಂಡಿದ್ದರೆ ಡೇಟಾ, ವೈಫೈ ಎರಡೂ ಬಂದ್ ಮಾಡಿ. ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಕರೆ ಮಾಡಿ. ದಯವಿಟ್ಟು ಇಂಥದ್ದಕ್ಕೆಲ್ಲ ಅಂಕಣಕ್ಕೆ ಬರೆದು ಉತ್ತರಕ್ಕಾಗಿ ಕಾಯಬೇಡಿ.