ರಾಯಚೂರಿನ ಓದುಗರೊಬ್ಬರ ಪ್ರಶ್ನೆ: ಉಸ್ತರಾದಿಂದ (ಕ್ಷೌರದ ಕತ್ತಿಯಿಂದ) ದಾಡಿ ಮಾಡಿಕೊಂಡರೆ ಮುಖ ಉರಿಯುವುದೇಕೆ?

ಮುಖ್ಯ ಕಾರಣ ಕತ್ತಿ ಹಿಡಿಯುವ ಓರೆ. ಕತ್ತಿಯ ಬೆನ್ನು ಚರ್ಮದಿಂದ ಸುಮಾರು 30 ಡಿಗ್ರಿ ಎದ್ದಿರಬೇಕು. ಅದಕ್ಕಿಂತ ಎತ್ತಿದರೆ ಕತ್ತಿಯ ಬಾಯಿ, ಅಂದರೆ ಹರಿತವಾದ ಅಂಚು, ಕೂದಲಿನ ಜೊತೆ ಚರ್ಮವನ್ನೂ ಹೆರೆಯುತ್ತದೆ. ತೀರಾ ಮಲಗಿಸಿದರೆ ಕೂದಲು ಕತ್ತರಿಸದೆ ಎಳೆಯುತ್ತದೆ. ಸೇಫ್ಟಿ ರೇಜರ್‌ನಲ್ಲಿ ಈ ಓರೆಯನ್ನು ಅದರ ತಲೆಯೇ ಹೆಚ್ಚುಕಡಿಮೆ ಕಾಯುತ್ತದೆ, ಇಲ್ಲಿ ಅದು ನಿಮ್ಮ ಮಣಿಕಟ್ಟಿನ ಕೆಲಸ. ಹಾಗಾಗಿ ಮೊದಲ ಕೆಲವು ವಾರ ಕೆನ್ನೆ ಮಾತ್ರ, ಅದೂ ಕೂದಲು ಬೆಳೆದ ದಿಕ್ಕಿನಲ್ಲೇ. ಇನ್ನೊಂದು ಕೈಯಿಂದ ಕಿವಿಯ ಹತ್ತಿರ ಚರ್ಮ ಬಿಗಿಯಾಗಿ ಮೇಲಕ್ಕೆಳೆದು, ಒತ್ತದೆ, ಒಂದೊಂದೇ ಇಂಚು ಇಳಿಸಿ. ಗದ್ದ, ಮೇಲ್ದುಟಿ ಆಮೇಲೆ.

ರಾಯಚೂರಿನವರು ಅಂದಿದ್ದೀರಿ, ಬೋರ್‌ವೆಲ್ ನೀರಾದರೆ ಅದನ್ನೂ ನೋಡಿ. ಗಡಸು ನೀರಿನ ಕ್ಯಾಲ್ಸಿಯಂ ಸೋಪಿನೊಂದಿಗೆ ಸೇರಿ ಬಿಳಿ ಗಸಿಯಾಗುತ್ತದೆ, ನೊರೆ ನಿಲ್ಲುವುದಿಲ್ಲ. ಬ್ರಷ್ ಅದ್ದಲು ಒಂದು ಲೋಟ ಫಿಲ್ಟರ್ ನೀರು ಸಾಕು. ನಮ್ಮ ಬೇಸಿಗೆಯಲ್ಲಿ ನೊರೆ ಬೇಗ ಒಣಗುತ್ತದೆ, ಅರ್ಧ ಮುಖಕ್ಕಷ್ಟೇ ಹಚ್ಚಿ.

ಹಳೇ ಕಾಲದ ಇಡೀ ಕತ್ತಿಯಾದರೆ ಪ್ರತಿ ಸಲ ಚರ್ಮದ ಪಟ್ಟಿಗೆ ತೀಡಿ, ಬೆನ್ನು ಮುಂದೆ, ಬಾಯಿ ಹಿಂದೆ. ಅಷ್ಟು ವ್ಯವಧಾನ ಇಲ್ಲವೆಂದರೆ ಸಲೂನಿನವರು ಬಳಸುವ, ಅರ್ಧ ಬ್ಲೇಡ್ ಸಿಕ್ಕಿಸುವ ಉಸ್ತರಾದಲ್ಲೇ ಕಲಿಯಿರಿ. ಹೊಸ ಬ್ಲೇಡ್ ಬಹಳ ಚುರುಕು, ಕೈ ಇನ್ನೂ ಹಗುರವಿರಲಿ.