ನಿಮ್ಮ ಕಥೆಗೆ ಇನ್ನೊಬ್ಬ ಯೊಹಾನ್ ಬೇಕು

ನಮಸ್ಕಾರ,

ನಿಮ್ಮ ನೀಳ್ಗತೆ ಓದಿದೆ. ಸ್ವೀಡನ್ನಿನ ಸ್ಮೋಲಾಂಡ್ ಸೀಮೆಯ ಒಂದು ರೈತ ಕುಟುಂಬ, ಅಲ್ಲಿಂದ ಅಮೆರಿಕಕ್ಕೆ ಹೊರಟುಹೋದ ಮಗ, ಇವತ್ತು ಮಿನೆಸೋಟಾದಲ್ಲಿ ಕೂತು ಅವನ ಮೂಲ ಹುಡುಕುವ ಹುಡುಗಿ. ವಸ್ತು ಚೆನ್ನಾಗಿದೆ, ಭಾಷೆಯೂ ಸಲೀಸು. ಆದರೆ ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ತೊಡಕು ಹೆಸರುಗಳಲ್ಲಿದೆ.

ಮೊದಲು ತಪ್ಪು ಹೇಳಿಬಿಡುತ್ತೇನೆ. 1840ರ ಸುಮಾರಿನ ಹಳ್ಳಿಯಲ್ಲಿ ತಾತ ನಿಲ್ಸ್ ಆಂಡರ್ಸನ್, ಮಗ ಪೇರ್ ಆಂಡರ್ಸನ್, ಸೊಸೆ ಬ್ರೀಟಾ ಆಂಡರ್ಸನ್ ಎಂದು ಎಲ್ಲರಿಗೂ ಒಂದೇ ಹೆಸರು ಅಂಟಿಸಿದ್ದೀರಿ. ಆಗ ಅದು ಮನೆತನದ ಹೆಸರಲ್ಲ, ಅಪ್ಪನ ಹೆಸರು. ನಿಲ್ಸ್‌ನ ಮಗ ಪೇರ್ ನಿಲ್ಸನ್. ಪೇರ್‌ನ ಮಗ ಪೇರ್ಸನ್, ಮಗಳು ಪೇರ್ಸ್‌ದೊಟ್ಟರ್. ಲಾರ್ಸ್‌ನ ಮಗಳು ಬ್ರೀಟಾ ಮದುವೆಯಾದ ಮೇಲೂ ಲಾರ್ಸ್‌ದೊಟ್ಟರ್, ಸಾಯುವ ತನಕ. 19ನೇ ಶತಮಾನದ ಕೊನೆಗೆ ಈ ಪದ್ಧತಿ ಸಡಿಲವಾಯಿತು, 1901ರಲ್ಲಿ ಕುಟುಂಬದ ಹೆಸರಿಗೆ ಸರ್ಕಾರದ ನಿಯಮವೂ ಬಂತು. ನಿಮ್ಮ ಕಥೆ ಅದಕ್ಕಿಂತ ಹಿಂದಿನದು. ಅಪ್ಪನ ಹೆಸರನ್ನೇ ಇನಿಷಿಯಲ್ ಮಾಡಿಕೊಳ್ಳುವ ನಮ್ಮ ಓದುಗರಿಗೆ ಇದನ್ನು ವಿವರಿಸಲು ಒಂದು ಸಾಲು ಸಾಕು.

ಎರಡನೆಯದು ತಪ್ಪಲ್ಲ, ಅಂಜಿಕೆ. ಓದುಗರಿಗೆ ಗೊಂದಲವಾಗಬಾರದೆಂದು ಇಡೀ ಕಥೆಯಲ್ಲಿ ಒಂದು ಹೆಸರೂ ಎರಡು ಸಲ ಬರದಂತೆ ನೋಡಿಕೊಂಡಿದ್ದೀರಿ. ಅಲ್ಲಿನ ಹಳ್ಳಿ ಹಾಗಿರಲಿಲ್ಲ. ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು ಇಡುವುದು ಸಾಮಾನ್ಯ ರೂಢಿ. ಅದೇ ನಾಲ್ಕಾರು ಹೆಸರು ಸುತ್ತಿ ಸುತ್ತಿ ಬರುತ್ತಿದ್ದವು.

ನಿಮ್ಮ ಮೂರನೇ ಭಾಗದಲ್ಲಿ ಎರಡು ವರ್ಷದ ಯೊಹಾನ್ ಜ್ವರದಿಂದ ಸಾಯುತ್ತಾನೆ. ಮರುವರ್ಷ ಗಂಡುಮಗು. ಅದಕ್ಕೆ ಗುಸ್ತಾವ್ ಎಂದು ಹೆಸರಿಟ್ಟು ಮುಂದೆ ಹೋಗಿಬಿಟ್ಟಿದ್ದೀರಿ. ಅಯ್ಯೋ, ಕಥೆ ಇದ್ದದ್ದೇ ಅಲ್ಲಿ! ಮಗು ತೀರಿಹೋದರೆ ಮುಂದೆ ಹುಟ್ಟಿದ ಮಗುವಿಗೆ ಅದೇ ಹೆಸರಿಡುವುದು ಅಂಥ ಮನೆಗಳಲ್ಲಿ ಮಾಮೂಲು. ಅವನೂ ಯೊಹಾನ್ ಪೇರ್ಸನ್ ಆಗಲಿ. ಬ್ರೀಟಾ ಆ ಹೆಸರನ್ನು ಮತ್ತೆ ಬಾಯಿಬಿಟ್ಟು ಕರೆಯುವ ಮೊದಲ ದಿನವನ್ನು ಬರೆಯಿರಿ.

ಹಾಗಾದರೆ ಯಾರು ಯಾರೆಂದು ತಿಳಿಯುವುದು ಹೇಗೆ? ಪಾದ್ರಿ ಮಾಡಿದ ಹಾಗೆ. ಅವರು ಮನೆಮನೆಯ ವಿಚಾರಣೆಯ ಪುಸ್ತಕ ಇಡುತ್ತಿದ್ದರು. ಒಂದೊಂದು ಜಮೀನಿನವರಿಗೂ ಜಾಗ. ಅಲ್ಲಿರುವವರ ಹೆಸರು, ಹುಟ್ಟಿದ ದಿನ, ಓದಲು ಬರುತ್ತದೆಯೇ, ಎಲ್ಲಿಂದ ಬಂದರು, ಎಲ್ಲಿಗೆ ಹೋದರು. ಸತ್ತವರ, ಊರು ಬಿಟ್ಟವರ ಹೆಸರಿನ ಮೇಲೆ ಗೆರೆ. ಒಂದೇ ಪುಟದಲ್ಲಿ ಗೆರೆ ಎಳೆದ ಯೊಹಾನ್, ಕೆಳಗೆ ಇನ್ನೊಬ್ಬ ಯೊಹಾನ್. ಗುರುತು ಸಿಗುವುದು ಹುಟ್ಟಿದ ದಿನದಿಂದ, ಜಮೀನಿನ ಹೆಸರಿನಿಂದ. ನಿಮ್ಮ ಪಾತ್ರಗಳೂ ಒಬ್ಬರನ್ನೊಬ್ಬರು ಜಮೀನಿನ ಹೆಸರು ಹಿಡಿದು ಮಾತಾಡಲಿ.

ಮಿನೆಸೋಟಾದ ಹುಡುಗಿ ಒಂದೇ ಸಂಜೆಗೆ ಕಂಪ್ಯೂಟರ್‌ನಲ್ಲಿ ಸರಿಯಾದವನನ್ನೇ ಹಿಡಿಯುತ್ತಾಳೆ. ಅಷ್ಟು ಸುಲಭ ಬೇಡ. ಅವಳಿಗೆ ಮೊದಲು ಸತ್ತ ಮಗುವಿನ ದೀಕ್ಷಾಸ್ನಾನದ ದಾಖಲೆಯೇ ಸಿಗಲಿ. ಅಪ್ಪ ಸರಿ, ಅಮ್ಮ ಸರಿ, ಊರೂ ಸರಿ. ಅವನೇ ತನ್ನ ಪೂರ್ವಜ ಎಂದು ಮನೆಯವರಿಗೆಲ್ಲ ಹೇಳಿಯೂ ಬಿಡಲಿ. ಆಮೇಲೆ ಸಾವಿನ ಪುಸ್ತಕ ತೆರೆಯಲಿ.

ನಿಮ್ಮ ಕಥೆಯಲ್ಲಿ ತಮ್ಮನಾದವನು ಸೈನ್ಯ ಸೇರಿ ರಾಸ್ಕ್ ಎಂಬ ಹೆಸರು ಪಡೆಯುವುದು ಇಷ್ಟವಾಯಿತು. ಒಂದೇ ತುಕಡಿಯಲ್ಲಿ ಅಷ್ಟೊಂದು ಪೇರ್ಸನ್‌ಗಳಿದ್ದರೆ ಅಧಿಕಾರಿ ಏನು ಮಾಡಬೇಕು, ಅಲ್ವಾ? ಅದಕ್ಕೇ ಚುಟುಕು ಹೆಸರು. ಆದರೆ ಎಷ್ಟೋ ಕಡೆ ಆ ಹೆಸರು ಸೈನಿಕನಿಗೆ ಕೊಟ್ಟ ಗುಡಿಸಲಿಗೇ ಅಂಟಿಕೊಂಡಿರುತ್ತಿತ್ತು. ಅವನ ಜಾಗಕ್ಕೆ ಬಂದವನೂ ರಾಸ್ಕ್, ಸಂಬಂಧವೇ ಇಲ್ಲದಿದ್ದರೂ. ಇದನ್ನೂ ಬಳಸಿಕೊಳ್ಳಿ.

ಕೊನೆಯಲ್ಲಿರುವ ವಂಶವೃಕ್ಷದ ಚಿತ್ರ ಬೇಡ. ಹಡಗಿನ ಪ್ರಯಾಣ ಜಾಸ್ತಿಯಾಯಿತು, ಅರ್ಧಕ್ಕೆ ಇಳಿಸಿ. ಸದ್ಯಕ್ಕೆ ಮೂರನೇ ಭಾಗ ಒಂದನ್ನೇ ತಿದ್ದಿ ಕಳಿಸಿ. ಅದು ಗಟ್ಟಿಯಾಗಿ ಬಂದರೆ ಉಳಿದದ್ದನ್ನು ನೋಡೋಣ.

ಇಂತಿ,
ಸಂಪಾದಕ